ಪರಸಿ ಕಲ್ಲಿನ ಸೀಮೆಗೆ ಯಾವ ಲೆನ್ಸ್?

ಹಳೆಯ ಲೆನ್ಸುಗಳ ಮಾತು ಹೊರಟರೆ ಅದು ಬೇಗನೆ ಹೆಸರುಗಳ ಮಾತಾಗಿಬಿಡುತ್ತದೆ. ಪೆಟ್ಜ್‌ವಾಲ್, ಹೆಲಿಯಾರ್, ಟೆಸ್ಸಾರ್, ಡಾಗೋರ್, ಕುಕ್ ಎಂದು ಒಂದೊಂದು ಹೆಸರಿಗೂ ಒಂದು ಕಥೆ ಇದೆ, ಒಂದು ಅಭಿಮಾನಿ ಬಳಗ ಇದೆ, ಅದಕ್ಕೆ ತಕ್ಕ ಬೆಲೆಯೂ ಇದೆ. ದೊಡ್ಡ ಫಿಲ್ಮಿನ ಕ್ಯಾಮೆರಾ ಇಟ್ಟುಕೊಂಡವರಿಗೆ ಈ ಹೆಸರುಗಳ ಸಂತೆಯನ್ನು ಹಾದುಹೋಗದೆ ಗತಿಯಿಲ್ಲ. ಆ ಕ್ಯಾಮೆರಾ ಎಂದರೆ ಹಿಂದೆ ಉಜ್ಜಿದ ಗಾಜು, ಮುಂದೆ ಒಂದು ಹಲಗೆ, ನಡುವೆ ಮಡಿಕೆ ಮಡಿಕೆಯಾದ ಬೆಲ್ಲೋಸ್, ಅಷ್ಟೇ. ಮುಂದಿನ ಹಲಗೆಗೆ ತೂತು ಕೊರೆದು ಯಾವ ಕಾಲದ ಲೆನ್ಸನ್ನಾದರೂ ಕೂರಿಸಬಹುದು. 1840ರಲ್ಲಿ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ಕೊಟ್ಟ ಭಾವಚಿತ್ರದ ಲೆನ್ಸಿನಿಂದ ಹಿಡಿದು ಮೊನ್ನೆ ಮೊನ್ನೆಯವರೆಗೆ ಅಚ್ಚುಕೂಟಗಳ ಪ್ರಾಸೆಸ್ ಕ್ಯಾಮೆರಾದಲ್ಲಿದ್ದ ಲೆನ್ಸಿನವರೆಗೆ ಎಲ್ಲವೂ ಅಲ್ಲಿ ಕೆಲಸ ಮಾಡುತ್ತವೆ. ಇಷ್ಟು ಸ್ವಾತಂತ್ರ್ಯ ಇರುವುದರಿಂದಲೇ ಆಯ್ಕೆ ಕಷ್ಟವಾಗುತ್ತದೆ. ನನ್ನ ವಾದ ಒಂದೇ: ಹಳೆಯ ಲೆನ್ಸನ್ನು ಅದರ ಕೀರ್ತಿ ನೋಡಿ ಆರಿಸಬಾರದು, ಅದು ಹೋಗಿ ನಿಲ್ಲಬೇಕಾದ ನೆಲವನ್ನು ನೋಡಿ ಆರಿಸಬೇಕು. ನೆಲ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ಮಲೆನಾಡಿನ ಮಂಜಿಗೆ ಒಪ್ಪುವ ಗಾಜು ಶಹಾಬಾದಿನ ಬಿಸಿಲಿಗೆ ಒಪ್ಪಲಾರದು. ಹಾಗಾಗಿ ಪ್ರಶ್ನೆಯನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಗೇ ಕಟ್ಟಿಹಾಕಿ ಕೇಳುತ್ತೇನೆ.

ಈ ಸೀಮೆಯ ಮೂಲದ್ರವ್ಯ ಸುಣ್ಣಕಲ್ಲು. ಭೀಮಾ ಕಣಿವೆಯಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಪದರ ಪದರವಾಗಿ ಕೂತ ಈ ಕಲ್ಲು ಇಂದಿಗೂ ಹೆಚ್ಚುಕಡಿಮೆ ಮಟ್ಟಸವಾಗಿಯೇ ಮಲಗಿದೆ. ಉಳಿಯಿಟ್ಟು ಎಬ್ಬಿಸಿದರೆ ಹಾಳೆಯಂತೆ ಏಳುವುದರಿಂದಲೇ ಅದು ದೇಶದ ಎಷ್ಟೋ ಮನೆ, ಶಾಲೆ, ರೈಲ್ವೆ ಪ್ಲಾಟ್‌ಫಾರ್ಮುಗಳ ನೆಲವಾಯಿತು. ಊರವರು ಅದನ್ನು ಪರಸಿ ಎನ್ನುತ್ತಾರೆ, ಹೊರಗಿನವರು ಶಹಾಬಾದ್ ಕಲ್ಲು ಎನ್ನುತ್ತಾರೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಸುಟ್ಟು ಪುಡಿಮಾಡುವುದು ಈ ಸುಣ್ಣಕಲ್ಲನ್ನೇ. ಕಾಗಿಣಾ ದಂಡೆಯ ಮಳಖೇಡದ ಕೋಟೆ, ರಾಷ್ಟ್ರಕೂಟರ ಮಾನ್ಯಖೇಟದ ನೆಲ, ನಾಗಾವಿಯ ಘಟಿಕಾಸ್ಥಾನದ ಕಂಬಗಳು, ಸೇಡಂನ ಪಂಚಲಿಂಗೇಶ್ವರ ಗುಡಿ, ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪ, ಎಲ್ಲೆಲ್ಲೂ ನೋಟಕ್ಕೆ ಸಿಗುವುದು ಕಲ್ಲು, ಅದರ ಮೇಲೆ ಬೀಳುವ ಬಿಸಿಲು. ಬೂದು, ನೀಲಿಬೂದು, ಅಲ್ಲಲ್ಲಿ ಗುಲಾಬಿ ಛಾಯೆಯ ತಿಳಿ ಬಣ್ಣದ ಕಲ್ಲದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆಲ್ಲ ಬೆಳಕು ಮೇಲಿನಿಂದ ಎಷ್ಟು ಬೀಳುತ್ತದೋ ಕೆಳಗಿನಿಂದಲೂ ಹೆಚ್ಚುಕಡಿಮೆ ಅಷ್ಟೇ ಏಳುತ್ತದೆ. ಈ ನೆಲಕ್ಕೆ ಎರಡು ಗುಣ ಕಾಯಂ ಆಗಿವೆ: ಉದ್ದಕ್ಕೂ ಸಾಗುವ ನೇರ ಅಡ್ಡಗೆರೆಗಳು, ಮತ್ತು ಎಲ್ಲ ಕಡೆಯಿಂದಲೂ ಲೆನ್ಸಿನೊಳಕ್ಕೆ ನುಗ್ಗುವ ಬೆಳಕು. ಲೆನ್ಸಿನ ಪರೀಕ್ಷೆ ನಡೆಯಬೇಕಾದ್ದು ಈ ಎರಡರ ಮುಂದೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆಯನ್ನು ಮುಗಿಸಿಬಿಡೋಣ: ಯಾವುದು ಹೆಚ್ಚು ಚೂಪು? ಗಣಿಯಲ್ಲೋ ಕೋಟೆಯಲ್ಲೋ ಯಾರೂ ದೊಡ್ಡ ಫಿಲ್ಮಿನ ಲೆನ್ಸನ್ನು ಪೂರ್ತಿ ತೆರೆದು ಚಿತ್ರ ತೆಗೆಯುವುದಿಲ್ಲ. ಕಾಲಬುಡದ ಚಪ್ಪಡಿಯಿಂದ ದೂರದ ಚಿಮಣಿಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರಬೇಕೆಂದರೆ ಅಪರ್ಚರನ್ನು, ಅಂದರೆ ಬೆಳಕು ಹಾಯುವ ಕಿಂಡಿಯನ್ನು, ಎಫ್/22, ಎಫ್/32ಕ್ಕೆ ಇಳಿಸಲೇಬೇಕು. ಅಷ್ಟಕ್ಕೆ ಇಳಿಸಿದಾಗ ಬೆಳಕಿನ ಅಲೆಯ ಗುಣವೇ ಎಲ್ಲ ಲೆನ್ಸುಗಳ ಮೇಲೂ ಒಂದೇ ಮಿತಿ ಹೇರುತ್ತದೆ. ಎಫ್/22ರಲ್ಲಿ ಬಿಡಿಬಿಡಿಯಾಗಿ ಕಾಣುವುದು ಒಂದು ಮಿಲಿಮೀಟರಿಗೆ ಸುಮಾರು 68 ಜೋಡಿ ಗೆರೆ, ಎಫ್/32ರಲ್ಲಿ 47. ಗಾಜು ಎಷ್ಟೇ ಉತ್ತಮವಾಗಿದ್ದರೂ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ. 4×5 ಇಂಚಿನ ಫಿಲ್ಮನ್ನು 16×20 ಇಂಚಿಗೆ ಹಿಗ್ಗಿಸಿದರೆ ಆಗುವುದು ನಾಲ್ಕು ಪಟ್ಟು ಮಾತ್ರ. ಕಣ್ಣಿಗೆ ತೃಪ್ತಿಯಾಗುವ ಚಿತ್ರಕ್ಕೆ ಫಿಲ್ಮಿನ ಮೇಲೆ ಮಿಲಿಮೀಟರಿಗೆ ಮೂವತ್ತರೊಳಗಿನ ಜೋಡಿ ಗೆರೆಗಳಿದ್ದರೆ ಸಾಕು. 1902ರ ಟೆಸ್ಸಾರ್ ಇರಲಿ, 1892ರ ಡಾಗೋರ್ ಇರಲಿ, ಆರೋಗ್ಯವಾಗಿದ್ದರೆ ಚಿತ್ರದ ನಡುವಿನಲ್ಲಿ ಇದನ್ನು ಸಲೀಸಾಗಿ ದಾಟುತ್ತವೆ. ಹೀಗೆ ಹೇಳಿದ ಕೂಡಲೇ ಒಂದು ಆಕ್ಷೇಪ ಏಳುತ್ತದೆ: ಎಲ್ಲವೂ ಒಂದೇ ಎಂದಾದ ಮೇಲೆ ಆಯ್ಕೆಯ ಮಾತೇಕೆ, ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಹೋಗಬಹುದಲ್ಲ? ಆಕ್ಷೇಪದ ಮೊದಲರ್ಧ ನಿಜ, ಎರಡನೆಯದಲ್ಲ. ಎಫ್/22ರಲ್ಲಿ ಒಂದಾಗುವುದು ಚಿತ್ರದ ನಡುಭಾಗ ಮಾತ್ರ. ಲೆನ್ಸ್ ಎಷ್ಟು ಅಗಲಕ್ಕೆ ಬೆಳಕು ಚೆಲ್ಲುತ್ತದೆ, ನೇರ ಗೆರೆಯನ್ನು ನೇರವಾಗಿ ಇಡುತ್ತದೆಯೇ, ತನ್ನೊಳಗೆ ಎಷ್ಟು ಬೆಳಕನ್ನು ಚೆದುರಿಸಿಕೊಳ್ಳುತ್ತದೆ ಎಂಬ ಮೂರು ವ್ಯತ್ಯಾಸಗಳು ಎಷ್ಟು ಇಳಿಸಿದರೂ ಉಳಿಯುತ್ತವೆ. ಆಯ್ಕೆ ನಿಲ್ಲಬೇಕಾದ್ದು ಉಳಿಯುವ ವ್ಯತ್ಯಾಸಗಳ ಮೇಲೆ.

ಬೆಳಕಿನ ವೃತ್ತದ ವಿಷಯವನ್ನೇ ತೆಗೆದುಕೊಳ್ಳೋಣ. ಲೆನ್ಸ್ ಗುಂಡಗಿರುವುದರಿಂದ ಅದು ಹಿಂದೆ ಬೀಳಿಸುವುದು ಗುಂಡನೆಯ ಚಿತ್ರ. ಫಿಲ್ಮ್ ಆ ವೃತ್ತದೊಳಗೆ ಕೂತ ಆಯತ. 4×5 ಫಿಲ್ಮಿನ ಬಳಕೆಯ ಭಾಗ ಸುಮಾರು 95×120 ಮಿಲಿಮೀಟರ್, ಅದರ ಕರ್ಣ 153. ವೃತ್ತ ಇದಕ್ಕಿಂತ ಎಷ್ಟು ದೊಡ್ಡದೋ ಅಷ್ಟು ದೂರ ಲೆನ್ಸನ್ನು ಮೇಲೆ ಕೆಳಗೆ ಜಾರಿಸಬಹುದು, ಬಾಗಿಸಬಹುದು. ದೊಡ್ಡ ಫಿಲ್ಮಿನ ಕ್ಯಾಮೆರಾವನ್ನು ಇಷ್ಟು ಕಷ್ಟಪಟ್ಟು ಹೊರುವುದಕ್ಕೆ ಅರ್ಧ ಕಾರಣವೇ ಇದು. ಮಳಖೇಡದ ಕೋಟೆ ಗೋಡೆಯ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಡೆ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಕ್ಯಾಮೆರಾವನ್ನು ಮಟ್ಟಸವಾಗಿಟ್ಟು ಲೆನ್ಸಿನ ಹಲಗೆಯನ್ನಷ್ಟೇ ಮೇಲಕ್ಕೆ ಜಾರಿಸಿದರೆ ಗೋಡೆ ನೇರವಾಗಿ ನಿಲ್ಲುತ್ತದೆ. ಈಗ ಲೆಕ್ಕ ನೋಡಿ. 150 ಮಿಲಿಮೀಟರಿನ ಟೆಸ್ಸಾರ್ ಸುಮಾರು 58 ಡಿಗ್ರಿ ಹರಡುತ್ತದೆಂದು ಹಿಡಿದರೆ ಅದರ ವೃತ್ತ 166 ಮಿಲಿಮೀಟರ್. ಫಿಲ್ಮನ್ನು ಉದ್ದಕ್ಕೆ ನಿಲ್ಲಿಸಿದಾಗ ಮೇಲೆ ಜಾರಿಸಲು ಸಿಗುವುದು ಬರೀ 8 ಮಿಲಿಮೀಟರ್. ಅದೇ 150ರ ಡಾಗೋರ್ 70 ಡಿಗ್ರಿ ಹರಡಿದರೆ ವೃತ್ತ 210, ಜಾರಿಸಲು ಸಿಗುವುದು 33 ಮಿಲಿಮೀಟರ್. ಇನ್ನೂ ಸಣ್ಣದಾಗಿ ಇಳಿಸಿದರೆ ಡಾಗೋರ್ ಮತ್ತಷ್ಟು ಹರಡುತ್ತದೆ. ಗೋಡೆಯ ತಲೆ ಚಿತ್ರದಲ್ಲಿ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಅಂತರ ಇದು. ಪರಸಿ ಅಂಗಳಕ್ಕೆ ಹೋದರೂ ಇದೇ ಕಥೆ. ನೆಲದ ತುಂಬ ಚಪ್ಪಡಿ ಹರಡಿರುವಾಗ ಲೆನ್ಸನ್ನು ಮುಂದಕ್ಕೆ ಬಾಗಿಸಿ ನೆಲವನ್ನೇ ಫೋಕಸಿನ ಪಾತಳಿ ಮಾಡಿಕೊಳ್ಳುತ್ತಾರೆ. ಥಿಯೊಡೋರ್ ಶೈಂಪ್‌ಫ್ಲುಗ್ 1904ರಲ್ಲಿ ವಿವರಿಸಿದ ನಿಯಮ ಅದು. ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 150ರ ಲೆನ್ಸನ್ನು ಸುಮಾರು 6 ಡಿಗ್ರಿ ಬಾಗಿಸಬೇಕು. ಆಗ ವೃತ್ತ ಫಿಲ್ಮಿನ ಮೇಲೆ 16 ಮಿಲಿಮೀಟರ್ ಸರಿಯುತ್ತದೆ. ಅಡ್ಡ ಫಿಲ್ಮಿನಲ್ಲಿ ಟೆಸ್ಸಾರ್ ಕೊಡುವುದು ಹತ್ತೇ ಮಿಲಿಮೀಟರ್, ಮೂಲೆಗಳು ಕಪ್ಪಾಗುತ್ತವೆ. ಉದ್ದ ಫೋಕಸಿನ ಟೆಸ್ಸಾರ್ ಹಾಕಿ ಹಿಂದೆ ಸರಿದರಾಯಿತು ಎನ್ನುವವರಿದ್ದಾರೆ. ಬಯಲಿನಲ್ಲಿ ಸರಿಯಬಹುದು. ಗಣಿಯ ಅಂಚಿನಲ್ಲಿ, ಗುಡಿಯ ಪ್ರಾಕಾರದಲ್ಲಿ, ಕೋಟೆ ಬಾಗಿಲ ಮುಂದಿನ ಓಣಿಯಲ್ಲಿ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಸರಿದರೂ ಹತ್ತಿರದ ಕಲ್ಲಿಗೂ ದೂರದ ಕಲ್ಲಿಗೂ ಇದ್ದ ಅಳತೆಯ ಸಂಬಂಧ ಬದಲಾಗಿ ಅದು ಬೇರೆಯದೇ ಚಿತ್ರವಾಗುತ್ತದೆ.

ನೇರ ಗೆರೆಯ ಪ್ರಶ್ನೆಯನ್ನು ಕನ್ನಡ ನಾಡಿನ ಕಟ್ಟಡಗಳ ಮುಂದೆ ನಿಂತವರು ಬಹಳ ಹಿಂದೆಯೇ ಎದುರಿಸಿದ್ದರು. 1855ರಲ್ಲಿ ಮುಂಬೈ ಸರಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆಯಲು ನೇಮಿಸಿತು. ಆಮೇಲೆ ಆ ಕೆಲಸ ವೈದ್ಯ ವಿಲಿಯಂ ಪಿಗೌ ಅವರ ಪಾಲಿಗೆ ಬಂತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಿಡಿದರು. 1983ರಲ್ಲಿ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದದ್ದು ಸಾಧ್ಯವಾದದ್ದೇ ಆ ನೆಗೆಟಿವ್‌ಗಳು ಅಷ್ಟು ನಿಖರವಾಗಿದ್ದುದರಿಂದ. ಬಿಗ್ಸ್, ಪಿಗೌ ಮುಂತಾದವರ ಚಿತ್ರಗಳು 1866ರಲ್ಲಿ ಪುಸ್ತಕಗಳಾಗಿ ಬಂದಾಗ ಅವುಗಳಿಗೆ ಬರೆದವರಲ್ಲಿ ಒಬ್ಬರು ಮೆಡೋಸ್ ಟೇಲರ್. ಚಿತ್ತಾಪುರಕ್ಕೆ ನೆರೆಯ ಸುರಪುರದಲ್ಲಿ ಆಡಳಿತ ನಡೆಸಿದವರು, ಭೀಮಾ ತೀರದ ಶಿಲಾಗೋರಿಗಳನ್ನು ಅಗೆದು ನೋಡಿದವರು. ಆ ಕಾಲದ ಭೂದೃಶ್ಯದ ಲೆನ್ಸ್ ಸಾಮಾನ್ಯವಾಗಿ ಎರಡು ಗಾಜು ಅಂಟಿಸಿದ ಒಂದೇ ತುಂಡು. ಬೆಳಕು ಚೆದುರುವುದು ಕಡಿಮೆ, ಆದರೆ ಚಿತ್ರದ ಅಂಚಿನ ನೇರ ಗೆರೆ ಬಿಲ್ಲಿನಂತೆ ಬಾಗುತ್ತಿತ್ತು. ಗುಡ್ಡ, ಮರಗಳಲ್ಲಿ ಅದು ತಿಳಿಯುವುದಿಲ್ಲ, ಕಂಬ, ಜಂತಿಗಳಲ್ಲಿ ಎದ್ದು ಕಾಣುತ್ತದೆ. ಅದೇ 1866ರಲ್ಲಿ ಇಂಗ್ಲೆಂಡಿನ ಡಾಲ್‌ಮೇಯರ್, ಜರ್ಮನಿಯ ಸ್ಟೈನ್‌ಹೈಲ್ ಇಬ್ಬರೂ ಬೇರೆ ಬೇರೆಯಾಗಿ ಇದಕ್ಕೆ ಪರಿಹಾರ ಕಂಡುಕೊಂಡರು: ಒಂದೇ ಬಗೆಯ ಎರಡು ತುಂಡುಗಳನ್ನು ನಡುವಿನ ಅಪರ್ಚರಿನ ಆಚೀಚೆ ಎದುರುಬದುರು ಕೂರಿಸುವುದು. ಒಂದರ ಬಾಗು ಇನ್ನೊಂದರಲ್ಲಿ ಕಳೆದುಹೋಗುತ್ತದೆ. ಆ ಏರ್ಪಾಡಿನ ಪಕ್ವ ರೂಪ 1892ರಲ್ಲಿ ಎಮಿಲ್ ಫಾನ್ ಹೋಗ್ ಬರ್ಲಿನ್ನಿನ ಗೋಯರ್ಟ್ಸ್ ಕಂಪನಿಗೆ ಮಾಡಿಕೊಟ್ಟ, ಮುಂದೆ ಡಾಗೋರ್ ಎಂದು ಹೆಸರಾದ ಲೆನ್ಸ್. ಎರಡು ತುಂಡು, ಒಂದೊಂದರಲ್ಲಿ ಮೂರು ಗಾಜು. ಪದರ ಪದರದ ಗಣಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಅಡ್ಡಗೆರೆಗಳೇ ಇರುವಾಗ ಸಮರೂಪದ ಲೆನ್ಸಿನ ಬೆಲೆ ಗೊತ್ತಾಗುತ್ತದೆ. ಒಂದೇ ಒಂದು ಪದರ ಬಾಗಿ ಕಂಡರೂ ಭೂಮಿಯ ವಿಷಯದಲ್ಲಿ ಚಿತ್ರ ಸುಳ್ಳು ಹೇಳಿದಂತೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಕೋಟಿಂಗ್, ಅಂದರೆ ಪ್ರತಿಫಲನ ತಗ್ಗಿಸುವ ತೆಳು ಲೇಪ, ಇಲ್ಲದ ಗಾಜಿನ ಪ್ರತಿಯೊಂದು ಮೈಯೂ, ಗಾಳಿಗೆ ತಾಗಿದ ಕಡೆ, ಬಂದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಎಸೆದದ್ದು ಇನ್ನೊಂದು ಮೈಗೆ ತಾಗಿ ಮತ್ತೆ ಮುಂದಕ್ಕೆ ತಿರುಗಿದರೆ ಅದು ಫಿಲ್ಮಿನ ಕಡೆಗೆ ಹೊರಟ ದಾರಿತಪ್ಪಿದ ಬೆಳಕು. ಅಂಥ ಒಂದೊಂದು ಜೋಡಿ ಮೈಯಿಂದ ಬರುವುದು ಶೇ. 0.16. ನಾಲ್ಕು ಮೈಗಳ ಡಾಗೋರಿನಲ್ಲಿ ಇಂಥ ಜೋಡಿಗಳು 6, ಆರು ಮೈಗಳ ಟೆಸ್ಸಾರಿನಲ್ಲಿ 15, ನಾಲ್ಕು ಬಿಡಿ ಗಾಜುಗಳನ್ನು ಗಾಳಿಯ ಅಂತರದಲ್ಲಿ ಇಟ್ಟ ಲೆನ್ಸಿನಲ್ಲಿ 28. ಎಲ್ಲವೂ ಫಿಲ್ಮಿಗೇ ಬಂತೆಂದು ಕೂಡಿಸಿದರೆ ಹೆಚ್ಚೆಂದರೆ ಕ್ರಮವಾಗಿ ಶೇ. 1, 2.4, 4.5. ಕೇಳಲು ಸಣ್ಣ ಸಂಖ್ಯೆಗಳು. ನಾಗಾವಿಯ ಅರವತ್ತು ಕಂಬದ ಗುಡಿಯೊಳಗೆ ನಿಂತು ಹೊರಗಿನ ಬಯಲು, ಆಕಾಶ ಕಾಣುವಂತೆ ಚಿತ್ರ ತೆಗೆಯುವುದನ್ನು ಊಹಿಸಿದರೆ ಅವುಗಳ ತೂಕ ತಿಳಿಯುತ್ತದೆ. ಒಳಗಿನ ಕಂಬದ ನೆರಳು ಭಾಗಕ್ಕೂ ಹೊರಗಿನ ಆಕಾಶಕ್ಕೂ ಏಳು ಸ್ಟಾಪಿನ, ಅಂದರೆ ಏಳು ಬಾರಿ ಇಮ್ಮಡಿಸಿದಷ್ಟು, ಅಂತರವಿದ್ದರೆ ನೆರಳಿನ ಬೆಳಕು ಆಕಾಶದ ಬೆಳಕಿನ ಶೇ. 0.8 ಮಾತ್ರ. ಅದರ ಮೇಲೆ ಶೇ. 4.5ರ ಬಿಳಿ ಮುಸುಕು ಕವಿದರೆ ಕಂಬದ ಕೆತ್ತನೆ ತನ್ನ ಐದು ಪಟ್ಟಿಗೂ ಮಿಗಿಲಾದ ಮಬ್ಬಿನಲ್ಲಿ ಮುಳುಗುತ್ತದೆ. ಶೇ. 1ರ ಮುಸುಕಿನಲ್ಲಿ ಅದು ಬಡವಾಗುತ್ತದೆ, ಆದರೂ ಉಳಿಯುತ್ತದೆ. ಈ ಸೀಮೆಯ ಬಿಸಿಲಲ್ಲಿ, ತಿಳಿಗಲ್ಲಿನ ನೆಲದ ಮೇಲೆ, ಲೆನ್ಸಿನ ಗಾಜಿನ ಮೈಗಳನ್ನು ಎಣಿಸುವುದು ಅದರ ಹೆಸರನ್ನು ಓದುವುದಕ್ಕಿಂತ ಮೊದಲಿನ ಕೆಲಸ.

ಇದಕ್ಕೆ ಅನುಭವಿಗಳು ಹಾಕುವ ಒಂದು ಆಕ್ಷೇಪ ಗಂಭೀರವಾದದ್ದು. ಹಳೆಯ ಲೆನ್ಸಿನ ಆ ಮುಸುಕೇ ಉಪಕಾರಿ, ಕಡು ಬಿಸಿಲಲ್ಲಿ ಅದು ನೆರಳನ್ನು ಮೇಲೆತ್ತುತ್ತದೆ, ಫಿಲ್ಮಿನಲ್ಲಿ ಖಾಲಿ ಬೀಳಬೇಕಾದ ಜಾಗಕ್ಕೆ ಸಾಂದ್ರತೆ ಬರುತ್ತದೆ, ಪ್ರಿಂಟ್ ಮಾಡುವುದು ಸುಲಭವಾಗುತ್ತದೆ ಎನ್ನುತ್ತಾರೆ ಅವರು. ಸಾಂದ್ರತೆ ಬರುವುದು ನಿಜ. ಆದರೆ ಎಲ್ಲ ನೆರಳಿಗೂ ಒಂದೇ ಸಮ ಬಂದ ಬೆಳಕಿನಲ್ಲಿ ಒಂದು ನೆರಳಿಗೂ ಇನ್ನೊಂದಕ್ಕೂ ಇರುವ ಭೇದ ಹೆಚ್ಚುವುದಿಲ್ಲ. ಫಿಲ್ಮಿನ ಸಂವೇದನೆಯ ಹೊಸ್ತಿಲನ್ನು ದಾಟಿಸಲು ಶೇ. 1ರ ಮುಸುಕೇ ಸಾಕು, ಅದಕ್ಕಿಂತ ಹೆಚ್ಚಿನದು ಕೆತ್ತನೆಯನ್ನು ತಿನ್ನುತ್ತದೆ. ಮಿತವಾದ ಮುಸುಕು ಬೇಕೆನ್ನುವವರಿಗೂ ನಾಲ್ಕು ಮೈಗಳ ಲೆನ್ಸೇ ಸರಿಯಾದ ಅಳತೆ. ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳು ಪದರ ಲೇಪಿಸುವ ವಿಧಾನ ಕಂಡುಹಿಡಿದರು, ಮಹಾಯುದ್ಧದ ನಂತರ ಅದು ಎಲ್ಲರ ಲೆನ್ಸಿಗೂ ಬಂತು. ಒಂದೇ ಪದರದ ಕೋಟಿಂಗ್ ಕೂಡ ಶೇ. 4ನ್ನು ಶೇ. 1.5ರ ಹತ್ತಿರಕ್ಕೆ ಇಳಿಸುತ್ತದೆ. ಆಗ ಎಂಟು ಮೈಗಳ ಲೆನ್ಸಿನ ಮುಸುಕೂ ಶೇ. 0.63ಕ್ಕೆ ಬರುತ್ತದೆ, ಕೋಟಿಂಗ್ ಇಲ್ಲದ ಡಾಗೋರಿಗಿಂತ ಕಡಿಮೆ. ಹಾಗಾದರೆ 1950ರ ನಂತರದ ಷ್ನೈಡರ್ ಸಿಮ್ಮಾರ್ ಎಫ್/5.6 ಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ವೃತ್ತ ದೊಡ್ಡದು, ರಚನೆ ಹೆಚ್ಚುಕಡಿಮೆ ಸಮರೂಪ, ಶಟರ್ ಜೊತೆಗೇ ಬರುತ್ತದೆ. ನಾನು ಹೇಳಿದ ಮೂರು ಪರೀಕ್ಷೆಗಳಲ್ಲೂ ಅದು ಗೆಲ್ಲುತ್ತದೆ. ಯುದ್ಧದ ನಂತರದ್ದಾದರೆ ಸಿಮ್ಮಾರ್ ಜಾತಿ, ಮುಂಚಿನದ್ದಾದರೆ ಡಾಗೋರ್ ಜಾತಿ. ಕೋಟಿಂಗ್ ಇಲ್ಲದ ಎಂಟು ಮೈಗಳ ಲೆನ್ಸ್ ಎಷ್ಟು ಅಗ್ಗವಾಗಿ ಸಿಕ್ಕರೂ ಈ ಬಯಲಿಗೆ ಬೇಡ. ಕೈಯಲ್ಲಿ ಹಣ ಕಡಿಮೆಯಿದ್ದರೆ 1866ರ ಮಾದರಿಯ ರ್‍ಯಾಪಿಡ್ ರೆಕ್ಟಿಲಿನಿಯರ್ ಕೂಡ ನಾಲ್ಕೇ ಮೈಗಳದ್ದು, ಗೆರೆಯನ್ನು ನೇರವಾಗಿಡುತ್ತದೆ. ಮೂಲೆಗಳಲ್ಲಿ ಮಂಕು, ಜಾರಿಸಲು ಜಾಗ ಕಡಿಮೆ ಎಂಬುದನ್ನು ಒಪ್ಪಿಕೊಂಡು ಹಾಕಿಕೊಳ್ಳಬೇಕು.

ದೊಡ್ಡ ವೃತ್ತದ ವಿರುದ್ಧವೂ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಫಿಲ್ಮಿಗೆ ಬೇಕಾದ್ದಕ್ಕಿಂತ ಹೆಚ್ಚು ಚೆಲ್ಲಿದ ಬೆಳಕು ಎಲ್ಲಿಗೆ ಹೋಗುತ್ತದೆ? ಬೆಲ್ಲೋಸಿನ ಮಡಿಕೆಗಳಿಗೆ ಬಡಿದು ಅಲ್ಲಿಂದ ಫಿಲ್ಮಿಗೆ ಮರಳುತ್ತದೆ. ಆಕಾಶ, ನೆಲ ಎರಡೂ ಬೆಳ್ಳಗಿರುವ ಕಡೆ ಇದು ಗಾಜಿನ ಮೈಗಳ ಮುಸುಕಿಗಿಂತ ಹೆಚ್ಚೇ ಆಗಬಹುದು. ಇಷ್ಟಕ್ಕೆ ಸಣ್ಣ ವೃತ್ತದ ಲೆನ್ಸೇ ಮೇಲು ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಲೆನ್ಸಿನ ಮುಂದೆ ಚಿತ್ರದ ಆಕಾರಕ್ಕೇ ಕತ್ತರಿಸಿದ ಆಯತದ ಹುಡ್ ಇಟ್ಟರೆ ಹೊರಗಿನ ಬೆಳಕು ಒಳಗೇ ಬರುವುದಿಲ್ಲ. ಹಲಗೆಯನ್ನು ಜಾರಿಸಿದಷ್ಟು ಹುಡ್ಡನ್ನೂ ಜಾರಿಸಬೇಕು, ಅಷ್ಟೇ. ಕಪ್ಪು ರಟ್ಟಿನಲ್ಲಿ ಮಾಡಿಕೊಂಡರೂ ಕೆಲಸಕ್ಕೆ ಬರುತ್ತದೆ. ದೊಡ್ಡ ವೃತ್ತದ ದೋಷವನ್ನು ಹೀಗೆ ಹೊರಗಿನಿಂದ ತಿದ್ದಬಹುದು. ಸಣ್ಣ ವೃತ್ತವನ್ನು ಯಾವ ಉಪಾಯದಿಂದಲೂ ಹಿಗ್ಗಿಸಲಾಗುವುದಿಲ್ಲ.

ಉಳಿದದ್ದು ಹಳೆಯ ಲೆನ್ಸಿನ ಸ್ವಭಾವದ ಮಾತು. ಬಹುಪಾಲು ಜನ ಹಳೆಯ ಗಾಜನ್ನು ಹುಡುಕುವುದೇ ಇದಕ್ಕಾಗಿ. ಪೆಟ್ಜ್‌ವಾಲ್ ಚಿತ್ರದ ನಡುವೆ ಮುಖವನ್ನು ಚೂಪಾಗಿ ಹಿಡಿದು ಸುತ್ತಲಿನದನ್ನು ಸುಳಿಸುಳಿಯಾಗಿ ಕರಗಿಸುತ್ತದೆ, 1900ರಲ್ಲಿ ಹಾನ್ಸ್ ಹಾರ್ಟಿಂಗ್ ರೂಪಿಸಿದ ಹೆಲಿಯಾರ್ ಚರ್ಮದ ಮೇಲಿನ ಬೆಳಕನ್ನು ಮೃದುವಾಗಿಯೂ ಉಬ್ಬಾಗಿಯೂ ತೋರಿಸುತ್ತದೆ ಎಂದು ಹೇಳುವವರ ಮಾತು ಹುಸಿಯಲ್ಲ. ಆ ಗುಣ ಬರುವುದು ಲೆನ್ಸನ್ನು ಪೂರ್ತಿ ತೆರೆದಾಗ, ಬೆಳಕು ಹತೋಟಿಯಲ್ಲಿರುವಾಗ. ಉಳಿ ಸುತ್ತಿಗೆ ಹಿಡಿದು ಕಲ್ಲೆಬ್ಬಿಸುವವರ ಭಾವಚಿತ್ರ ತೆಗೆಯುವುದಾದರೆ, ಅವರು ನೆರಳಿನ ತಟ್ಟಿಯ ಕೆಳಗೆ ಕೂತಿರುವಾಗ, ನಾನು ಯಾವ ಅನುಮಾನವೂ ಇಲ್ಲದೆ ಹೆಲಿಯಾರ್ ಎನ್ನುತ್ತೇನೆ. ಅವರ ಕೈಗಳು, ಹುಬ್ಬಿನ ಮೇಲೆ ಕೂತ ಕಲ್ಲಿನ ಪುಡಿ, ಬಿಸಿಲಿಗೆ ಕಿರಿದಾದ ಕಣ್ಣು, ಇವಕ್ಕೆ ಅಂಥ ಲೆನ್ಸ್ ಸಲ್ಲಬೇಕು. ಆದರೆ ಪೆಟ್ಜ್‌ವಾಲ್ ಚೆನ್ನಾಗಿ ಆವರಿಸುವುದು ಇಪ್ಪತ್ತೈದು ಡಿಗ್ರಿಯಷ್ಟು. 210 ಮಿಲಿಮೀಟರಿನದಕ್ಕೂ ಅದು 93 ಮಿಲಿಮೀಟರಿನ ವೃತ್ತ, 4×5ರ ಕರ್ಣದ ಮೂರನೆಯ ಎರಡು ಭಾಗವೂ ಇಲ್ಲ. ಅದನ್ನು ಕೋಟೆಗೂ ಗಣಿಗೂ ಒಯ್ದು, ಕಲ್ಲಿನ ಅಂಚು ಕರಗಿದ್ದನ್ನು ಸೌಂದರ್ಯವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅಂಚೇ ಆ ಕಲ್ಲಿನ ಜೀವ, ಕೂಲಿಯವರ ಉಳಿಯ ಗುರುತು ಉಳಿದಿರುವುದು ಅಲ್ಲೇ. ಇನ್ನು ಕನಗನಹಳ್ಳಿಗೆ ಬೇರೆಯದೇ ಉತ್ತರ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದು ತೆಗೆದ ಆ ಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ, ‘ರಾಯ ಅಸೋಕೊ’ ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಚಿತ್ರವಿದೆ. ಚಪ್ಪಟೆ ಫಲಕ, ಕಡಿಮೆ ಆಳದ ಕೆತ್ತನೆ, ಚೌಕಟ್ಟಿನಲ್ಲಿ ಆಕಾಶವೇ ಇಲ್ಲ. ಅಚ್ಚುಕೂಟದ ಪ್ರಾಸೆಸ್ ಲೆನ್ಸ್, ಅಪೋ ರೋನಾರ್ ಅಥವಾ ಅಪೋ ನಿಕ್ಕೋರ್ ಜಾತಿಯದ್ದು, ಇಂಥ ಚಪ್ಪಟೆ ವಸ್ತುವಿಗೆಂದೇ ಹುಟ್ಟಿದ್ದು. 240 ಮಿಲಿಮೀಟರಿನದು 45 ಡಿಗ್ರಿ ಹರಡಿದರೂ 199 ಮಿಲಿಮೀಟರ್ ಸಿಗುತ್ತದೆ, ಅಷ್ಟು ಸಾಕು. ಆಫ್‌ಸೆಟ್ ಮುದ್ರಣದ ಪ್ಲೇಟ್ ಕೆಲಸ ಕಂಪ್ಯೂಟರಿಗೆ ಹೋದ ಮೇಲೆ ಇವು ಕೆಲಸವಿಲ್ಲದೆ ಬಿದ್ದಿವೆ. ಕನಗನಹಳ್ಳಿಯಲ್ಲಿ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು.

ಜಾತಿ ತೀರ್ಮಾನವಾದ ಮೇಲೆ ಆ ಒಂದು ಲೆನ್ಸಿನ ಮೈ ನೋಡುವ ಕೆಲಸ. ಜಾತ್ರೆಯಲ್ಲಿ ಎತ್ತು ಕೊಳ್ಳುವ ಒಕ್ಕಲಿಗ ಹಲ್ಲು, ಸುಳಿ, ನಡಿಗೆ ನೋಡುವಂತೆ ಇಲ್ಲೂ ನೋಡಬೇಕಾದ ಜಾಗಗಳಿವೆ. ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿದಾಗ ಒಳಗೆ ಹಾಲು ಸವರಿದಂಥ ಮಬ್ಬು ಕಂಡರೆ ಬಿಡಬೇಕು. ಎಣಿಸಿದ ನಾಲ್ಕು ಮೈಗಳ ಲಾಭವೆಲ್ಲ ಆ ಮಬ್ಬಿನಲ್ಲೇ ಹೋಗುತ್ತದೆ. ಗಾಜಿನೊಳಗಿನ ಸಣ್ಣ ಗುಳ್ಳೆಗಳಿಂದ ಯಾವ ತೊಂದರೆಯೂ ಇಲ್ಲ, ಆ ಕಾಲದ ಯೆನಾ ಗಾಜಿನಲ್ಲಿ ಅವು ಸಹಜ. ಮುಂದಿನ ಗಾಜಿನ ಒಂದೆರಡು ಗೀರುಗಳೂ ಚಿಂತೆಯಲ್ಲ. ಗಾಜುಗಳನ್ನು ಅಂಟಿಸಿದ ಕೆನಡಾ ಬಾಲ್ಸಂ ಅಂಚಿನಲ್ಲಿ ಬಿಟ್ಟಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ನಡುವಿನವರೆಗೆ ಬಿಟ್ಟಿದ್ದರೆ ಬೇಡ. ಆ ಅಂಟು ಮರದ ರಾಳ, ಬಿಸಿಗೆ ಮೆತ್ತಗಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ ಮುಚ್ಚಿದ ಕಾರಿನೊಳಗೆ ಡಾಗೋರನ್ನು ಬಿಟ್ಟು ಊಟಕ್ಕೆ ಹೋಗಬಾರದು. ಬೂಷ್ಟಿನ ಭಯ ಇಲ್ಲಿ ಕರಾವಳಿಗಿಂತ ಕಡಿಮೆ. ಧೂಳಿನ ಭಯ ಹೆಚ್ಚು. ಸುಣ್ಣಕಲ್ಲಿನ ಪುಡಿ ಗಾಜಿಗಿಂತ ಮೆದು, ಆದರೆ ಅದರ ಜೊತೆ ಬರುವ ಮರಳಿನ ಕಣ ಗಾಜಿಗಿಂತ ಗಟ್ಟಿ. ಊದಿ ಧೂಳು ಹಾರಿಸದೆ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಶಟರಿನ ವಿಷಯವೂ ಇದರ ಜೊತೆಗೇ ಬರುತ್ತದೆ. ಶಟರ್ ಇಲ್ಲದ ಹಿತ್ತಾಳೆ ಕೊಳವೆಯ ಲೆನ್ಸುಗಳು ಅಗ್ಗ, ಮುಚ್ಚಳ ತೆಗೆದು ಹಾಕಿ ಬೆಳಕು ಕೊಡಬೇಕು. ಇಲ್ಲಿನ ಬಿಸಿಲಲ್ಲಿ 100 ಐಎಸ್ಒ ಫಿಲ್ಮಿಗೆ ಎಫ್/45ರಲ್ಲೂ ಬೇಕಾದದ್ದು ಸೆಕೆಂಡಿನ ಹನ್ನೆರಡನೆಯ ಒಂದು ಭಾಗ, ಕೈಯಿಂದ ಅದು ಆಗದು. ಆರು ಸ್ಟಾಪಿನ ಕಪ್ಪು ಫಿಲ್ಟರ್ ಹಾಕಿದರೆ ಐದು ಸೆಕೆಂಡಿಗೆ ಬರುತ್ತದೆ, ಆಗ ಮುಚ್ಚಳ ಸಾಕು. ಕಲ್ಲು ಅಲುಗುವುದಿಲ್ಲವಾದ್ದರಿಂದ ಗಣಿಗೆ ಇದು ನಡೆಯುತ್ತದೆ.

ಚಂದ್ರಂಪಳ್ಳಿ ಅಣೆಕಟ್ಟಿನ ಬಳಿ ಮುಚ್ಚಳದ ಈ ಉಪಾಯ ನಡೆಯುವುದಿಲ್ಲ. ಚಿಂಚೋಳಿಯ ಕಡೆಗೆ ಹೋದಂತೆ ಸುಣ್ಣಕಲ್ಲಿನ ಬಯಲು ಮುಗಿದು ಕೆಮ್ಮಣ್ಣಿನ ಗುಡ್ಡಗಳು, ಅವುಗಳ ನಡುವೆ ಅಣೆಕಟ್ಟಿನ ನೀರು, ಸುತ್ತ 2011ರಲ್ಲಿ ವನ್ಯಜೀವಿ ಧಾಮವಾದ ಕಾಡು. ಎಲೆ ಅಲುಗುತ್ತದೆ, ನೀರು ಅಲುಗುತ್ತದೆ, ಶಟರ್ ಇರಲೇಬೇಕು. ಅಗ್ಗವೆಂದು ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಬಳಸುವವರು ಇಲ್ಲಿ ಒಂದು ಸಂಗತಿ ನೆನಪಿಡಬೇಕು: ಅದಕ್ಕೆ ಕೆಂಪು ಕಾಣುವುದಿಲ್ಲ, ಕೆಮ್ಮಣ್ಣಿನ ಗುಡ್ಡ ಇದ್ದಿಲಿನಂತೆ ಕಪ್ಪಾಗಿ ಬರುತ್ತದೆ. ದಡದಿಂದ ಎದುರಿನ ಗುಡ್ಡ ದೂರವಿರುವುದರಿಂದ ಉದ್ದ ಫೋಕಸ್ ಬೇಕಾಗುತ್ತದೆ. ಸಮರೂಪದ ಲೆನ್ಸ್ ಕೊಂಡವರಿಗೆ ಅದಕ್ಕಾಗಿ ಇನ್ನೊಂದು ಖರೀದಿ ಬೇಕಿಲ್ಲ. ಡಾಗೋರಿನ ಮುಂದಿನ ತುಂಡನ್ನು ತಿರುಗಿಸಿ ತೆಗೆದು ಹಿಂದಿನ ಒಂದರಿಂದಲೇ ಚಿತ್ರ ತೆಗೆಯಬಹುದು. 150ರ ಲೆನ್ಸ್ ಆಗ 260ರ ಆಸುಪಾಸಿನದ್ದಾಗುತ್ತದೆ, ಗಾಳಿಗೆ ತಾಗುವ ಮೈಗಳು ಎರಡೇ ಉಳಿಯುತ್ತವೆ. ನೇರ ಗೆರೆ ಸ್ವಲ್ಪ ಬಾಗುತ್ತದೆ, ಗುಡ್ಡಕ್ಕೆ ಅದು ಬಾಧಕವಲ್ಲ. ಬಣ್ಣದ ದೋಷ ತಡೆಯಲು ಹಳದಿ ಫಿಲ್ಟರ್ ಹಾಕಿ ಎಫ್/32ರವರೆಗೆ ಇಳಿಸಬೇಕು. ಡಾಗೋರಿನಲ್ಲಿ ಅಪರ್ಚರ್ ಇಳಿಸಿದಂತೆ ಫೋಕಸ್ ತುಸು ಸರಿಯುವ ಸ್ವಭಾವವಿದೆ, ಒಂಟಿ ತುಂಡಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಇಳಿಸುವ ರೂಢಿ ಇಲ್ಲಿ ಸಲ್ಲದು, ಎಫ್/22ಕ್ಕಾದರೂ ಇಳಿಸಿಕೊಂಡೇ ಕರಿಬಟ್ಟೆಯೊಳಗೆ ಭೂತಗಾಜು ಹಿಡಿದು ಫೋಕಸ್ ನೋಡಬೇಕು. ಅದಕ್ಕೆ ಬೇಕಾದಷ್ಟು ಬೆಳಕು ಈ ಸೀಮೆಯಲ್ಲಿದೆ. ಒಂಟಿ ತುಂಡಿಗೆ 260 ಮಿಲಿಮೀಟರಿಗೂ ಮಿಕ್ಕಿ ಬೆಲ್ಲೋಸ್ ಚಾಚಬೇಕಾಗುವುದರಿಂದ ಕ್ಯಾಮೆರಾ ಕೊಳ್ಳುವಾಗಲೇ ಅದನ್ನು ಅಳೆದು ನೋಡಬೇಕು. ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಮರದ ಕ್ಯಾಮೆರಾಗಳು ಹಳೆಯ ಸ್ಟುಡಿಯೋಗಳಿಂದ ಇನ್ನೂ ಹೊರಬರುತ್ತಿವೆ. ಒಣ ಹವೆಗೆ ಮರ ಸೊರಗಿ ಕೀಲು ಬಿಟ್ಟಿದೆಯೇ, ಬೆಲ್ಲೋಸಿನ ಮೂಲೆಗಳಲ್ಲಿ ಬೆಳಕು ಸೋರುತ್ತದೆಯೇ ಎಂಬುದನ್ನೂ ಟಾರ್ಚ್ ಹಿಡಿದು ಕತ್ತಲೆ ಕೋಣೆಯಲ್ಲಿ ನೋಡಿಯೇ ಹಣ ಕೊಡಬೇಕು.